ಮಾಲ್ ಬಾಗಿಲಲ್ಲಿ ಕಾಲು ಹಿಂಜರಿಯುವುದು ಯಾಕೆ?

ಬೆಂಗಳೂರಿನಿಂದ ಓದುಗರೊಬ್ಬರು ಬರೆದಿದ್ದಾರೆ. ಮನೆಯಲ್ಲೇ ಬಟ್ಟೆ ಹೊಲಿಯುವವರು. “ನಮ್ಮ ಬೀದಿಯ ಹಿಂದೆಯೇ ದೊಡ್ಡ ಮಾಲ್ ಇದೆ. ನನ್ನನ್ನು ಯಾರೂ ತಡೆದಿಲ್ಲ. ಆದರೂ ಬಾಗಿಲವರೆಗೆ ಹೋಗಿ ವಾಪಸ್ ಬಂದುಬಿಡುತ್ತೇನೆ. ಮಗಳು ‘ನಿನಗೆ ಕೀಳರಿಮೆ’ ಅಂತಾಳೆ. ಗೇಟಿನ ಮುಂದೆ ಹೂ ಮಾರುತ್ತಿದ್ದ ನಮ್ಮ ಅತ್ತಿಗೆಯ ಗಾಡಿಯನ್ನೂ ಎತ್ತಿಸಿದರು. ತಪ್ಪು ನಮ್ಮದೇನಾ ಸಾರ್?”

ಖಂಡಿತ ಅಲ್ಲಮ್ಮ. ಇದು ಕೀಳರಿಮೆಯೂ ಅಲ್ಲ. ಆ ಕಟ್ಟಡ ಯಾರಿಗಾಗಿ ಕಟ್ಟಿದ್ದು ಅಂತ ನಿಮಗೆ ಬಾಗಿಲಲ್ಲೇ ಗೊತ್ತಾಗಿದೆ, ಅಷ್ಟೇ. ಕಾರಿಗೆ ಅಗಲವಾದ ದಾರಿ, ನಡೆದು ಬರುವವರಿಗೆ ಮೂಲೆಯಲ್ಲೊಂದು ಸಂದು. ಒಳಗೆ ಹೋದರೆ ಏನಾದರೂ ಕೊಳ್ಳದೆ ಕೂರಲು ಜಾಗ ಸಿಗುವುದು ಕಷ್ಟ. ಅಲ್ಲಿ ಒಂದು ಕಾಫಿಗೆ ಕೊಡುವ ದುಡ್ಡಿಗೆ ದರ್ಶಿನಿಯಲ್ಲಿ ಮನೆಯವರೆಲ್ಲ ತಿಂಡಿ ತಿನ್ನಬಹುದು. ಯಾರೂ ಬೇಡ ಅನ್ನದೆಯೇ ಬೇಡ ಅನ್ನುವ ಏರ್ಪಾಡು ಇದು.

2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಆದದ್ದು ನಿಮಗೆ ನೆನಪಿರಬಹುದು. ಹಾವೇರಿ ಕಡೆಯ ಹಿರಿಯ ರೈತರೊಬ್ಬರು ಮಗನ ಜೊತೆ ಸಿನಿಮಾಗೆ ಬಂದಿದ್ದರು. ಕೈಯಲ್ಲಿ ಟಿಕೆಟ್ ಇತ್ತು. ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ಜನ ಸಿಟ್ಟಾದರು, ಮಾಲ್‌ನವರು ಕ್ಷಮೆ ಕೇಳಿದರು, ಏಳು ದಿನ ಮುಚ್ಚಿಸುತ್ತೇವೆ ಅಂತ ಸರ್ಕಾರ ವಿಧಾನಸಭೆಯಲ್ಲೇ ಹೇಳಿತು. ಆ ಸಿಟ್ಟು ಸರಿಯಾದದ್ದೇ. ಆದರೆ ಅಲ್ಲಿ ಅವಮಾನ ಎಲ್ಲರ ಕಣ್ಣಿಗೆ ಬಿತ್ತು. ನಿಮ್ಮ ಹಾಗೆ ಸುಮ್ನೆ ತಿರುಗಿ ಹೋಗುವವರಿಗೆ ತೋರಿಸಲು ವಿಡಿಯೋ ಇಲ್ಲ, ಅವರ ಪರ ಯಾವ ಮಂತ್ರಿಯೂ ಮಾತಾಡುವುದಿಲ್ಲ. ಹೀಗೆ ತಿರುಗಿ ಹೋಗುವವರೇ ಜಾಸ್ತಿ ಅಂತ ನನ್ನ ನಂಬಿಕೆ.

ನನ್ನನ್ನು ಹೆಚ್ಚು ಕಾಡುವುದು ಜಾಗದ ವಿಷಯ. ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ ಮಾಲ್ 2010ರಲ್ಲಿ ತೆರೆಯಿತು. ಅದು ನಿಂತಿರುವುದು ರಾಜಾ ಮಿಲ್ ಅನ್ನುವ ಬಟ್ಟೆ ಗಿರಣಿ ಇದ್ದ ಕಡೆ. ಇನ್ನೊಂದು ಬಟ್ಟೆ ಗಿರಣಿ ಬಿನ್ನಿ ಮಿಲ್ ಜಾಗದಲ್ಲೂ ಮಾಲ್ ಬಂತು. ಕೂಲಿಯವರು ಪಾಳಿ ಮುಗಿಸಿ ಹೊರಬರುತ್ತಿದ್ದ ನೆಲದಲ್ಲಿ ಈಗ ಅವರ ಮೊಮ್ಮಕ್ಕಳ ಬ್ಯಾಗ್ ತಪಾಸಣೆ ಆಗುತ್ತದೆ.

ಈಜಿಪುರದ ಕಥೆ ಇನ್ನೂ ಕಠಿಣ. ಅಲ್ಲಿ 15 ಎಕರೆಗೂ ಹೆಚ್ಚು ಪಾಲಿಕೆ ಜಾಗದಲ್ಲಿ ಬಡವರ ಕ್ವಾರ್ಟರ್ಸ್ ಇತ್ತು. ಖಾಸಗಿ ಕಂಪನಿಯೊಂದರ ಜೊತೆ ಒಪ್ಪಂದ ಆಯಿತು: ಅರ್ಧ ಜಾಗದಲ್ಲಿ ಮನೆ, ಉಳಿದರ್ಧದಲ್ಲಿ ಮಾಲ್. 2013ರ ಜನವರಿಯಲ್ಲಿ ಬುಲ್‌ಡೋಜರ್ ಬಂತು. ಸುಮಾರು 1,500 ಕುಟುಂಬ ಬೀದಿಗೆ ಬಿದ್ದವು. ಎಷ್ಟೋ ಜನ ಪಕ್ಕದ ಫುಟ್‌ಪಾತ್‌ನಲ್ಲೇ ಟಾರ್ಪಾಲ್ ಕಟ್ಟಿಕೊಂಡು ವರ್ಷಗಟ್ಟಲೆ ಇದ್ದರು. ಬಡವರ ಮನೆಗೆ ಇಟ್ಟ ನೆಲವನ್ನು ಮಾಲ್ ಜೊತೆ ಹಂಚಿಕೊಳ್ಳಿ ಅನ್ನುವುದು ಅನ್ಯಾಯ. ಇದನ್ನು ಮೆತ್ತಗೆ ಹೇಳುವುದು ನನ್ನಿಂದ ಆಗದು.

“ಖಾಸಗಿ ಜಾಗ, ಬೇಕಿದ್ದರೆ ಬನ್ನಿ” ಅನ್ನುವವರಿದ್ದಾರೆ. ಬೆಲೆ ಎಷ್ಟಿಡಬೇಕು ಅನ್ನುವುದು ಅವರ ಹಕ್ಕು, ಒಪ್ಪೋಣ. ಆದರೆ ಮುಂದಿನ ರಸ್ತೆ ನಮ್ಮದು, ಗಿರಾಕಿಗಳನ್ನು ತಂದಿಳಿಸುವ ಮೆಟ್ರೋ ನಮ್ಮದು. ಹಾಗಾದರೆ ನಕ್ಷೆಗೆ ಮಂಜೂರಾತಿ ಕೊಡುವಾಗಲೇ ಪಾಲಿಕೆ ಒಂದಷ್ಟು ಕೇಳಬೇಕು: ದುಡ್ಡಿಲ್ಲದೆ ಕೂರಲು ಬೆಂಚು, ಎಲ್ಲರಿಗೂ ಶೌಚಾಲಯ, ಗೇಟಿನ ಹೊರಗೆ ಗಾಡಿಯವರಿಗೆ ಜಾಗ. ಇದು ದೊಡ್ಡ ಖರ್ಚಲ್ಲ. ಕುಡಿಯುವ ನೀರಿನ ವಿಷಯದಲ್ಲಿ ಕೋರ್ಟ್ ದಾರಿ ತೋರಿಸಿದೆ. ಹೊರಗಿನ ತಿಂಡಿಯನ್ನು ಸಿನಿಮಾ ಮಂದಿರದವರು ತಡೆಯಬಹುದು, ಆದರೆ ನೀರನ್ನು ಪುಕ್ಕಟೆ ಕೊಡಲೇಬೇಕು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಗಳ ಜೊತೆ ಸಿನಿಮಾಗೆ ಹೋದರೆ ಧೈರ್ಯವಾಗಿ ಕೇಳಿ.

ಇನ್ನು ನಿಮ್ಮ ಅತ್ತಿಗೆಯ ಗಾಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ, ಎತ್ತಂಗಡಿ ಮಾಡುವ ಮೊದಲು 30 ದಿನದ ನೋಟಿಸ್ ಕೊಡಬೇಕು. ಎತ್ತಿಸುವ ಅಧಿಕಾರ ಮಾಲ್‌ನವರಿಗಿಲ್ಲ. ಗಾಡಿ ನಿಲ್ಲುತ್ತಿದ್ದದ್ದು ಸಾರ್ವಜನಿಕ ಫುಟ್‌ಪಾತ್ ಆಗಿದ್ದರೆ, ಅದೇ ಕಾಯ್ದೆಯಡಿ ಇರುವ ಪಟ್ಟಣ ವ್ಯಾಪಾರ ಸಮಿತಿಗೆ ಲಿಖಿತ ದೂರು ಕೊಡಿ. ಆ ಸಮಿತಿಯಲ್ಲಿ ಶೇ. 40ರಷ್ಟು ಜಾಗ ವ್ಯಾಪಾರಿಗಳಿಗೇ ಇರಬೇಕು ಅಂತ ಕಾನೂನಿದೆ. ಬೀದಿ ವ್ಯಾಪಾರಿಯ ಗುರುತಿನ ಚೀಟಿ ಇದ್ದರೆ ಅದರ ಪ್ರತಿ ಜೊತೆಗಿರಲಿ. ದೂರಿನ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ, ಏನಾಯಿತು ಅಂತ ನಮಗೂ ಬರೆಯಿರಿ. ಅಚ್ಚು ಹಾಕುತ್ತೇವೆ.

— ಸಂಪಾದಕ