ಮಕ್ಕಳನ್ನು ಆಡಿಸುವುದಕ್ಕೂ ಕಾಲೇಜು ಬೇಕೇ?

ನಿಮ್ಮ ತಂಗಿ ದಾವಣಗೆರೆಯಲ್ಲಿ ಪಿಯುಸಿ ಕಲಾ ವಿಭಾಗ ಮುಗಿಸಿದ್ದಾಳೆ, ನರ್ಸರಿ ಶಿಕ್ಷಕಿಯಾಗಬೇಕೆನ್ನುತ್ತಾಳೆ. ಆರು ತಿಂಗಳ ಎನ್‌ಟಿಟಿ (ನರ್ಸರಿ ಶಿಕ್ಷಕಿಯರ ತರಬೇತಿ), ಮಕ್ಕಳು ಸಾಮಗ್ರಿ ಮುಟ್ಟಿ ತಾವೇ ಕಲಿಯುವ ಮಾಂಟೆಸ್ಸರಿ ಪದ್ಧತಿಯ ತರಬೇತಿ, ಎರಡು ವರ್ಷದ ಡಿಪ್ಲೊಮಾ, ಇವುಗಳಲ್ಲಿ ಯಾವುದಕ್ಕೆ ಸೇರಿಸಲಿ ಎಂದು ನೀವು ಕೇಳಿದ್ದೀರಿ. ಜೊತೆಗೆ, ‘ಮಕ್ಕಳನ್ನು ಆಡಿಸುವುದಕ್ಕೂ ಕಾಲೇಜು ಬೇಕೇ’ ಎಂದು ನಿಮ್ಮ ತಂದೆಯವರು ಕೇಳುತ್ತಿದ್ದಾರೆಂದೂ ಬರೆದಿದ್ದೀರಿ. ನಾನು ಮೊದಲು ಪೂರ್ವ ಪ್ರಾಥಮಿಕ ಶಿಕ್ಷಕಿಯಾಗಿದ್ದೆ, ಈಗ ಅಂಥ ಶಿಕ್ಷಕಿಯರಿಗೆ ತರಬೇತಿ ಕೊಡುತ್ತೇನೆ. ತಂದೆಯವರ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಇತ್ಯರ್ಥವಾದರೆ ಕೋರ್ಸಿನ ಪ್ರಶ್ನೆ ಅರ್ಧ ಬಗೆಹರಿದಂತೆ.

ತರಬೇತಿಯ ಶುರುವಿನಲ್ಲಿ ನಾವು ಯಾರಿಗೂ ಪಾಠ ಮಾಡಲು ಬಿಡುವುದಿಲ್ಲ. ತರಗತಿಯ ಮೂಲೆಯಲ್ಲಿ ಕೂತು ಒಂದೇ ಮಗುವನ್ನು ಇಪ್ಪತ್ತು ನಿಮಿಷ ನೋಡಬೇಕು, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು. ಒಬ್ಬ ವಿದ್ಯಾರ್ಥಿನಿ ಮೂರೂವರೆ ವರ್ಷದ ಹುಡುಗನ ಬಗ್ಗೆ ಬರೆದುಕೊಂಡು ಬಂದಳು: ‘ಹಠಮಾರಿ. ಹಂಚಿಕೊಳ್ಳುವ ಗುಣವಿಲ್ಲ.’ ಮರುದಿನ ಮತ್ತೆ ಅದೇ ಹುಡುಗನ ಮುಂದೆ ಕೂರಿಸಿದೆ. ಈ ಸಲ ಪುಸ್ತಕದಲ್ಲಿ ಹೀಗಿತ್ತು: ‘ಎಡಗೈಯಲ್ಲಿ ಬಟ್ಟಲು ಹಿಡಿದು, ಬಲಗೈ ಚಮಚದಿಂದ ಹೆಸರುಕಾಳು ಹಾಕಿದ. ಅರ್ಧ ಚೆಲ್ಲಿತು. ಬಗ್ಗಿ ಒಂದೊಂದೇ ಕಾಳು ಹೆಕ್ಕಿದ. ಪಕ್ಕದ ಹುಡುಗಿ ಕೈ ಚಾಚಿದಾಗ ಬಟ್ಟಲನ್ನು ಎದೆಗೆ ಅವುಚಿಕೊಂಡ. ಕೊನೆಯ ಕಾಳು ಹಾಕಿದ ಮೇಲೆ ತಾನೇ ಅವಳ ಮುಂದೆ ಇಟ್ಟ.’ ಹುಡುಗನಿಗೆ ಕೊಡುವ ಮನಸ್ಸು ಇತ್ತು, ಕೆಲಸ ಮುಗಿದಿರಲಿಲ್ಲ ಅಷ್ಟೇ. ನಡುವೆ ಹೋಗಿ ‘ಶೇರ್ ಮಾಡು ಪುಟ್ಟ’ ಎಂದು ಬಟ್ಟಲು ಕಿತ್ತುಕೊಡುವವರು ನಮ್ಮ ನರ್ಸರಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಗೆ ಮಾಡದೆ ಸುಮ್ಮನೆ ಕಾಯುವುದಕ್ಕೆ ತರಬೇತಿ ಬೇಕು, ಅದೂ ಒಂದೆರಡು ವಾರದಲ್ಲಿ ಬರುವಂಥದ್ದಲ್ಲ.

ಇನ್ನು ಬರವಣಿಗೆಯ ಗಲಾಟೆ. ಜೂನ್‌ನಲ್ಲಿ ಸೇರಿದ ಮೂರು ವರ್ಷದ ಮಗು ದಸರಾ ಹೊತ್ತಿಗೆ ಎ ಬಿ ಸಿ ಡಿ ಬರೆಯಬೇಕೆಂದು ಪೋಷಕರು ಕೇಳುತ್ತಾರೆ, ಆಡಳಿತ ಮಂಡಳಿ ತಲೆಯಾಡಿಸುತ್ತದೆ. ಆ ವಯಸ್ಸಿನಲ್ಲಿ ಮಣಿಕಟ್ಟಿನ ಎಲುಬುಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಹಿಟ್ಟು ನಾದುವುದು, ಕಾಳು ಹೆಕ್ಕುವುದು, ಕಾಗದ ಹರಿಯುವುದೇ ಬರವಣಿಗೆಯ ಸಿದ್ಧತೆ. ಇದನ್ನು ಪೋಷಕರ ಸಭೆಯಲ್ಲಿ ಎದ್ದು ನಿಂತು ಕಾರಣ ಸಮೇತ ಹೇಳಲು ಓದು ಬೇಕು. ಶಿಶುಪಾಲನಾ ಕೇಂದ್ರದ ಕೆಲಸವಾದರೆ ಇನ್ನೂ ಹೆಚ್ಚು ತಿಳಿದಿರಬೇಕು: ಕೂಸನ್ನು ಅಂಗಾತ ಮಲಗಿಸಬೇಕು, ಪುಟ್ಟ ಮಕ್ಕಳ ಕೈಗೆ ಇಡೀ ಕಡಲೆಕಾಯಿ ಬೀಜ ಕೊಡಬಾರದು, ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಮರುಕ್ಷಣ ಏನು ಮಾಡಬೇಕೆಂದು ಕೈಗೆ ಅಭ್ಯಾಸವಾಗಿರಬೇಕು.

ಈಗ ಕೋರ್ಸುಗಳಿಗೆ ಬರೋಣ. ಎನ್‌ಟಿಟಿ ಎಂಬ ಹೆಸರಿನಲ್ಲಿ ಬೀದಿಗೊಂದು ಸಂಸ್ಥೆ ಇದೆ, ಆರು ತಿಂಗಳಿನವು, ವರ್ಷದವು, ಬರೀ ಆನ್‌ಲೈನಿನವೂ ಇವೆ. ಇವುಗಳಲ್ಲಿ ಹೆಚ್ಚಿನವಕ್ಕೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ, ಮಾನ್ಯತೆ ಇಲ್ಲ. ಪರಿಷತ್ತಿನ 2014ರ ನಿಯಮಾವಳಿಯಲ್ಲಿ ಈ ವಯೋಮಾನಕ್ಕೆಂದೇ ಇರುವುದು ಎರಡು ವರ್ಷದ ಡಿಪಿಎಸ್‌ಇ, ಪೂರ್ವ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ. ಪಿಯುಸಿಯಲ್ಲಿ ಶೇಕಡಾ 50 ಅಂಕ ಬೇಕು, ಕಲಾ ವಿಭಾಗವಾದರೂ ಅಡ್ಡಿಯಿಲ್ಲ. ನೀವು ಹೇಳಿದ ಡಿಪ್ಲೊಮಾ ಇದೇ ಆಗಿದ್ದರೆ ಕಾಲೇಜಿನ ಮಾನ್ಯತೆ ಪತ್ರವನ್ನು ಕಣ್ಣಾರೆ ನೋಡಿ. ‘ಪ್ರಕ್ರಿಯೆಯಲ್ಲಿದೆ’ ಎಂದರೆ ಎದ್ದು ಬನ್ನಿ.

ಮಾಂಟೆಸ್ಸರಿಯ ಮೇಲೆ ನನಗೆ ಪ್ರೀತಿ ಇದೆ, ಮಾಂಟೆಸ್ಸರಿ ಎಂದು ಬರೆದ ನಾಮಫಲಕಗಳ ಮೇಲೆ ಇಲ್ಲ. ಈ ಪದ್ಧತಿ ರೂಪಿಸಿದ ಇಟಲಿಯ ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದವರು ಯುದ್ಧದ ದೆಸೆಯಿಂದ 1946ರವರೆಗೆ ಇಲ್ಲೇ ಉಳಿದು ಶಿಕ್ಷಕರನ್ನು ತಯಾರು ಮಾಡಿದರು. ಆ ಪರಂಪರೆಯ ಗಂಭೀರ ತರಬೇತಿ ಬೆಂಗಳೂರಿನಲ್ಲಿ ಇಂದಿಗೂ ಸಿಗುತ್ತದೆ, ಇಂಡಿಯನ್ ಮಾಂಟೆಸ್ಸರಿ ಸೆಂಟರ್ ಅಂಥದ್ದೊಂದು. ಆದರೆ ಮಾಂಟೆಸ್ಸರಿ ಎಂಬ ಹೆಸರನ್ನು ಯಾರು ಬೇಕಾದರೂ ಬಳಸಬಹುದು. ಮಕ್ಕಳು ಜೋಡಿಸಿ ಕಲಿಯಬೇಕಾದ ಹತ್ತು ಗುಲಾಬಿ ಘನಗಳ ಗೋಪುರವನ್ನು ಗಾಜಿನ ಬೀರುವಿನಲ್ಲಿ ಬೀಗ ಹಾಕಿಟ್ಟು, ಮಕ್ಕಳನ್ನು ಸಾಲಾಗಿ ಕೂರಿಸಿ ಮಗ್ಗಿ ಹೇಳಿಸುವ ‘ಮಾಂಟೆಸ್ಸರಿ’ಗಳನ್ನು ನಾನೇ ನೋಡಿದ್ದೇನೆ. ಸಾಮಗ್ರಿ ದುಬಾರಿ ಎಂಬುದು ನೆಪ. ಶಿಶು ಶಿಕ್ಷಣ ತಜ್ಞೆ ತಾರಾಬಾಯಿ ಮೋಡಕ್ 1940ರ ದಶಕದಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಡ ಮಕ್ಕಳಿಗಾಗಿ ಊರಲ್ಲೇ ಸಿಗುವ ಸಾಮಾನಿನಿಂದ ಬಾಲವಾಡಿ ನಡೆಸಿ ತೋರಿಸಿದ್ದಾರೆ.

ಮನೆಯಲ್ಲಿದ್ದುಕೊಂಡೇ ಓದಬೇಕಾದರೆ ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ) ಶಿಶು ಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾ ಇದೆ. ಪಿಯುಸಿ ಸಾಕು, ಕನಿಷ್ಠ ಒಂದು ವರ್ಷದ ಅವಧಿ. ಮಾನ್ಯ ವಿಶ್ವವಿದ್ಯಾಲಯದ ಪ್ರಮಾಣಪತ್ರ, ಶುಲ್ಕವೂ ಕೈಗೆಟುಕುವಂಥದ್ದು. ನನ್ನನ್ನು ಕೇಳಿದರೆ, ಹತ್ತಿರದಲ್ಲಿ ಮಾನ್ಯತೆಯ ಡಿಪಿಎಸ್‌ಇ ಇಲ್ಲದಿದ್ದರೆ ದಾವಣಗೆರೆಯಲ್ಲೇ ಮನಶ್ಶಾಸ್ತ್ರವಿರುವ ಬಿಎಗೆ ಸೇರಿಸಿ, ಪದವಿ ಮುಗಿಯುತ್ತಿದ್ದಂತೆ ಇಗ್ನೋದ ಈ ಡಿಪ್ಲೊಮಾ ಮಾಡಿಸುತ್ತೇನೆ. ಪದವಿ ಕೈಯಲ್ಲಿದ್ದರೆ ನಾಳೆ ಮನಸ್ಸು ಬದಲಾದರೂ ದಾರಿ ಮುಚ್ಚುವುದಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಪದವಿಯಲ್ಲಿ ಮಾನವ ಅಭಿವೃದ್ಧಿ ವಿಷಯವನ್ನು ಚೆನ್ನಾಗಿ ಕಲಿಸುತ್ತಾರೆ, ಆದರೆ ಅದಕ್ಕೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ನಾಲ್ಕು ವರ್ಷದ ಸಂಯೋಜಿತ ಶಿಕ್ಷಕ ಪದವಿಯಲ್ಲಿ ಬುನಾದಿ ಹಂತವೂ, ಅಂದರೆ ಮೂರರಿಂದ ಎಂಟು ವರ್ಷದ ಮಕ್ಕಳ ಶಿಕ್ಷಣವೂ, ಒಂದು ಆಯ್ಕೆ. ಅದಕ್ಕೆ ಎನ್‌ಸಿಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು.

ಸಂಬಳದ ವಿಷಯ ಮುಚ್ಚಿಡುವುದಿಲ್ಲ: ಕಡಿಮೆ. ಸಣ್ಣ ಊರಿನ ಖಾಸಗಿ ನರ್ಸರಿಯ ಸಂಬಳದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಒಬ್ಬಳೇ ಬದುಕುವುದು ಕಷ್ಟ. ಅಂಗನವಾಡಿ ಕಾರ್ಯಕರ್ತೆಗೆ ಸಂಬಳದ ಹೆಸರೂ ಇಲ್ಲ, ಗೌರವಧನ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಗಿ ಅರ್ಧ ಶತಮಾನವಾದರೂ ಅದು ಹಾಗೇ ಉಳಿದಿದೆ. ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಹೇಳುವುದಕ್ಕೂ 2022ರಲ್ಲಿ ಸುಪ್ರೀಂ ಕೋರ್ಟ್ ಬೇಕಾಯಿತು. ಆದರೆ ಕೆಲಸದ ಅವಕಾಶ ಹೆಚ್ಚುತ್ತಿದೆ. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತವೆಂದು ಗುರುತಿಸಿದೆ. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂಬ ನಿಯಮ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಬಂತು. ಬೆಂಗಳೂರಿನ ಒಳ್ಳೆಯ ಕೇಂದ್ರಗಳು ಎರಡು ವರ್ಷ ತರಬೇತಿಯಾದವರನ್ನು ಹುಡುಕಿಕೊಂಡು ಬರುವುದನ್ನು ನಾನು ಕಾಣುತ್ತಿದ್ದೇನೆ. ಆರು ತಿಂಗಳ ಪ್ರಮಾಣಪತ್ರದವರನ್ನು ಅವರು ಸಾಮಾನ್ಯವಾಗಿ ಸಹಾಯಕಿಯಾಗಿ ತೆಗೆದುಕೊಳ್ಳುತ್ತಾರೆ, ಅಲ್ಲಿಂದ ಮೇಲೇರುವುದು ಸುಲಭವಲ್ಲ.

ಯಾವ ಸಂಸ್ಥೆಗೆ ಹೋದರೂ ಶುಲ್ಕ ಕಟ್ಟುವ ಮೊದಲು ತಂಗಿಯನ್ನೂ ಕರೆದುಕೊಂಡು ಹೋಗಿ, ಹಿರಿಯ ವಿದ್ಯಾರ್ಥಿನಿಯ ವೀಕ್ಷಣಾ ಪುಸ್ತಕ ತೋರಿಸಿ ಎಂದು ಕೇಳಿ. ವಾರದಲ್ಲಿ ಎಷ್ಟು ದಿನ ನಿಜವಾದ ಮಕ್ಕಳ ಜೊತೆ ಇರುತ್ತಾರೆ, ಆಗ ಕಲಿಸುವವರು ತರಗತಿಯಲ್ಲೇ ಕೂತು ನೋಡುತ್ತಾರೆಯೇ ಎಂದೂ ವಿಚಾರಿಸಿ. ಪುಸ್ತಕದಲ್ಲಿ ಶಿಕ್ಷಕಿಯ ಟಿಪ್ಪಣಿ ಪುಟಪುಟಕ್ಕೂ ಇದ್ದರೆ ಸೇರಿಸಿ. ಪುಸ್ತಕದ ಬದಲು ಘಟಿಕೋತ್ಸವದ ಫೋಟೊ ಆಲ್ಬಮ್ ತಂದಿಟ್ಟರೆ ಕಾಫಿ ಕುಡಿದು ಹೊರಡಿ.