ಹಾಡಲು ಬಾರದವರು ಶಾಸ್ತ್ರ ಓದ್ತಾರಾ?

ಪ್ರಶ್ನೆ: ಹಾಸನದವಳು, ಬಿಎಸ್ಸಿ ಕೊನೆಯ ವರ್ಷ. ಎಂಟನೇ ವಯಸ್ಸಿನಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಸಂಗೀತದ ಸೀನಿಯರ್ ಪರೀಕ್ಷೆ ಮುಗಿದಿದೆ. ವೇದಿಕೆ ಹತ್ತಿದರೆ ಗಂಟಲು ಕಟ್ಟುತ್ತದೆ. ಸಂಗೀತಶಾಸ್ತ್ರದಲ್ಲಿ ಎಂಎ ಮಾಡುವ ಆಸೆ. ಮೇಷ್ಟ್ರಿಗೆ ಹೇಳಿದರೆ, ‘ಹಾಡೋಕೆ ಬರದವರು ಶಾಸ್ತ್ರ ಓದ್ತಾರೆ’ ಎಂದು ಮುಖ ತಿರುಗಿಸಿದರು. ಅಪ್ಪ, ಬಿ.ಎಡ್ ಮಾಡಿ ಹೈಸ್ಕೂಲ್ ಟೀಚರ್ ಆಗು ಅಂತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ವೇದಿಕೆಯ ಭಯಕ್ಕೆ ಎರಡೇ ಸಾಲು, ಮುಖಾರಿ ರಾಗಕ್ಕೆ ಒಂದೂವರೆ ಪುಟ. ಜಾಗವಿಲ್ಲದೆ ಆ ಒಂದೂವರೆ ಪುಟವನ್ನು ಕತ್ತರಿಸಿದ್ದೇನೆ, ಬೇಜಾರಾಗಬೇಡಿ. ನಾನು ಉತ್ತರ ಬರೆಯುತ್ತಿರುವುದು ಆ ಮುಖಾರಿಯ ಪುಟಗಳಿಗಾಗಿಯೇ.

ಉಳಿದವರಿಗೂ ತಿಳಿಯಲಿ ಎಂದು ಹೇಳುತ್ತೇನೆ. ರಾಗಗಳು ಹುಟ್ಟುವ ಏಳು ಸ್ವರಗಳ ಮೂಲ ಗುಂಪಿಗೆ ಮೇಳ ಎನ್ನುತ್ತಾರೆ. ಈಗ ನಾವು ಹಾಡುವ ಮುಖಾರಿ ಖರಹರಪ್ರಿಯ ಮೇಳದ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ. ಆದರೆ 1550ರಲ್ಲಿ ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ಬರೆದ ‘ಸ್ವರಮೇಳಕಲಾನಿಧಿ’ಯಲ್ಲಿ ಮುಖಾರಿಯೇ ಮೊದಲ ಮೇಳ. ಅದರ ಏಳೂ ಶುದ್ಧಸ್ವರ, ಅಂದರೆ ಇವತ್ತಿನ ಕನಕಾಂಗಿ ಮೇಳದ ಸ್ವರಗಳು, ಖರಹರಪ್ರಿಯದವಲ್ಲ. ಹಾಗಾದರೆ ರಾಗವೇ ಬದಲಾಯಿತೋ, ಹೆಸರು ಮಾತ್ರ ಬೇರೆ ರಾಗಕ್ಕೆ ಹೋಗಿ ಕೂತಿತೋ? ಇದನ್ನು ಓದಿ ಮೂರು ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದಿದ್ದೀರಿ. ವೇದಿಕೆಗೆ ಹೆದರಿ ಓಡುವವಳಿಗೆ ನಿದ್ದೆ ಕೆಡುವುದು ಕಛೇರಿಯ ಹಿಂದಿನ ರಾತ್ರಿ, ಮುಖಾರಿಗಾಗಿ ಅಲ್ಲ. ನೀವು ತಪ್ಪಿಸಿಕೊಳ್ಳುತ್ತಿದ್ದೀರಿ ಎಂದು ನನಗನ್ನಿಸುವುದಿಲ್ಲ. ಅರ್ಜಿ ಹಾಕಿ.

ಹಾಗೆಂದು ಮೇಷ್ಟ್ರ ಮಾತು ಪೂರ್ತಿ ಸುಳ್ಳೂ ಅಲ್ಲ. ತೀವ್ರಾ, ಕುಮುದ್ವತೀ, ಮಂದಾ ಎಂದು 22 ಶ್ರುತಿಗಳ, ಅಂದರೆ ಸೂಕ್ಷ್ಮ ಸ್ವರಸ್ಥಾನಗಳ, ಹೆಸರನ್ನು ಗಿಣಿಪಾಠ ಒಪ್ಪಿಸುವವರನ್ನು ನಾನೂ ನೋಡಿದ್ದೇನೆ. ಕೈಗೆ ತಂಬೂರಿ ಕೊಟ್ಟರೆ ಶ್ರುತಿ ಮಾಡಲು ಬರುವುದಿಲ್ಲ. ಲಕ್ಷ್ಯ (ಹಾಡುವ ಸಂಗೀತ) ಬಿಟ್ಟ ಲಕ್ಷಣ (ಶಾಸ್ತ್ರ) ಅಂದರೆ ಅದೇ. 72 ಮೇಳಗಳ ಲೆಕ್ಕ ಹಾಕಿದ ಶಾಸ್ತ್ರಕಾರ ವೆಂಕಟಮಖಿ ತನ್ನ ‘ಚತುರ್ದಂಡಿ ಪ್ರಕಾಶಿಕೆ’ಯನ್ನು ಶುರು ಮಾಡುವುದು ವೀಣೆಯ ಪ್ರಕರಣದಿಂದ. ಆ 72ರಲ್ಲಿ ಅವನ ಕಾಲಕ್ಕೆ ಬಳಕೆಯಲ್ಲಿದ್ದದ್ದು 19 ಮಾತ್ರ. ಯಾವುದು ಜನರ ಬಾಯಲ್ಲಿದೆ, ಯಾವುದು ಬರೀ ಲೆಕ್ಕದಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಆದ್ದರಿಂದ ಎಂಎ ಸೇರಿದರೂ ಪಾಠ ಬಿಡಬೇಡಿ, ಸೀನಿಯರ್ ಆದ ಮೇಲಿನ ಪರೀಕ್ಷೆ ವಿದ್ವತ್‌ಗೂ ಕೂರಿ. ಎಂಎಯಲ್ಲೂ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಪರೀಕ್ಷಕರ ಎದುರು ಹಾಡಲೇಬೇಕು. ಗಂಟಲು ಕಟ್ಟಿದರೆ ಕಟ್ಟಲಿ, ಹಾಡಿ.

ಬಿಎಸ್ಸಿ ದಂಡವಾಯಿತು ಅನ್ನುವ ಅಳುಕೂ ನಿಮಗಿದೆ. ಇವತ್ತು ಸಂಜೆ ತಂಬೂರಿ ತೆಗೆದುಕೊಂಡು ಕೂರಿ. ಮಂದ್ರ ಷಡ್ಜದ ತಂತಿಯ ಕೆಳಗಿರುವ ಜೀವಾಳದ ನೂಲನ್ನು ಕುದುರೆಯ (ತಂತಿಗಳನ್ನು ಹೊತ್ತ ಪಟ್ಟಿಯ) ಮೇಲೆ ಕೂದಲೆಳೆಯಷ್ಟು ಸರಿಸುತ್ತಾ ಹೋಗಿ. ಒಂದು ಕಡೆ ತಂತಿ ಝೇಂಕರಿಸಿ, ಯಾರೂ ಮೀಟದ ಅಂತರ ಗಾಂಧಾರ ಎಂಬ ಸ್ವರ ಕೇಳಿಸುತ್ತದೆ. ತಂಬೂರಿ, ವೀಣೆಗಳ ಈ ಕುದುರೆಯ ಗುಟ್ಟನ್ನೇ ಸಿ.ವಿ. ರಾಮನ್ 1921ರಲ್ಲಿ ಪ್ರಬಂಧವಾಗಿ ಬರೆದರು. ನಮ್ಮ ಮೈಸೂರಿನ ಸಂಗೀತಶಾಸ್ತ್ರಜ್ಞ ರಾ. ಸತ್ಯನಾರಾಯಣ ಓದಿದ್ದು ರಸಾಯನಶಾಸ್ತ್ರ. ಪುಂಡರೀಕ ವಿಠ್ಠಲನ ಹಳೆಯ ಸಂಸ್ಕೃತ ಶಾಸ್ತ್ರಗ್ರಂಥ ‘ನರ್ತನನಿರ್ಣಯ’ವನ್ನು ಸಂಪಾದಿಸಿಕೊಟ್ಟವರು ಅವರು, 2018ರಲ್ಲಿ ಪದ್ಮಶ್ರೀ ಬಂತು. ನಿಮಗೆ ಕಡಿಮೆ ಬೀಳುವುದು ವಿಜ್ಞಾನವಲ್ಲ, ಸಂಸ್ಕೃತ. ಅದನ್ನು ಈ ರಜೆಯಲ್ಲೇ ಶುರು ಮಾಡಿ.

ಎಲ್ಲಿ ಓದುವುದು? ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಂಗೀತಶಾಸ್ತ್ರಕ್ಕೆಂದೇ ಬೇರೆ ವಿಭಾಗವಿದೆ. ಎಲ್ಲಿಗೇ ಹೋದರೂ ಮೊದಲು ಸಿಲಬಸ್ ತರಿಸಿ, ಶಾಸ್ತ್ರಕ್ಕೆ ಎಷ್ಟು ಪೇಪರ್ ಎಂದು ಎಣಿಸಿ. ಬಿಎಸ್ಸಿ ಮೇಲೆ ಸೀಟು ಕೊಡುತ್ತಾರಾ, ಸೀನಿಯರ್ ಸಾಕಾ, ವಿದ್ವತ್ ಬೇಕಾ ಎಂದು ಆಫೀಸಿನಲ್ಲಿ ಖುದ್ದಾಗಿ ಕೇಳಿ.

ಅಪ್ಪನ ಚಿಂತೆ ದುಡ್ಡಿನದು, ಅದಕ್ಕೆ ರಾಗದಲ್ಲಿ ಉತ್ತರ ಕೊಡಬೇಡಿ. ಎಂಎ ಆದ ಮೇಲೆ ಉಪನ್ಯಾಸಕರ ಅರ್ಹತಾ ಪರೀಕ್ಷೆ ಎನ್ಇಟಿ ಬರೆದು, ಸಂಶೋಧನೆಗೆ ಕೊಡುವ ಫೆಲೋಶಿಪ್ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಸಿಗದಿದ್ದರೆ ಅತಿಥಿ ಉಪನ್ಯಾಸಕಿ. ಅವರ ಪಾಡು ಪೇಪರಿನಲ್ಲಿ ಓದುತ್ತಲೇ ಇರುತ್ತೀರಿ. ಎರಡನ್ನೂ ಮುಚ್ಚಿಡದೆ ಹೇಳಿ. ಎರಡು ವರ್ಷ ಕೇಳಿ, ಬಿ.ಎಡ್ ಎಲ್ಲಿಗೂ ಓಡಿಹೋಗುವುದಿಲ್ಲ ಅನ್ನಿ. ಮಗಳು ಲೆಕ್ಕ ಹಾಕಿದ್ದಾಳೆ ಎಂದು ಗೊತ್ತಾದರೆ ಅಪ್ಪಂದಿರು ಅರ್ಧ ಮೆತ್ತಗಾಗುತ್ತಾರೆ.

ಮೇಷ್ಟ್ರ ವಿಷಯ ಸೂಕ್ಷ್ಮ. ಹನ್ನೆರಡು ವರ್ಷ ತಿದ್ದಿದ ಶಿಷ್ಯೆ ಕೈತಪ್ಪಿ ಹೋಗುತ್ತಾಳೆ ಅನ್ನುವ ಸಂಕಟ ಆ ಮಾತಿನಲ್ಲಿದೆ. ಮುಂದಿನ ಪಾಠಕ್ಕೆ ಹೋದಾಗ ಎಂಎ ಮಾತೇ ಎತ್ತಬೇಡಿ. ಪಾಠ ಮುಗಿದ ಮೇಲೆ, ‘ಸಾರ್, ರಾಮಾಮಾತ್ಯ ಹೇಳಿದ ಸ್ವರಗಳಲ್ಲಿ ಮುಖಾರಿ ಹಾಡಿದರೆ ಹೇಗಿರುತ್ತೆ?’ ಎಂದು ಕೇಳಿ. ಶುದ್ಧ ರಿಷಭಕ್ಕೆ ಅಂಟಿಕೊಂಡೇ ಶುದ್ಧ ಗಾಂಧಾರ, ಅದು ಮುಖಾರಿ ಹೇಗಾಗುತ್ತೆ ಎಂದು ರೇಗಬಹುದು. ಆದರೆ ರೇಗುತ್ತಲೇ ಶ್ರುತಿಪೆಟ್ಟಿಗೆಗೆ ಕೈ ಹಾಕುತ್ತಾರೆ, ನೋಡಿ.