ಕಂಡಕ್ಟರಿಗೂ ವಾಕಿಂಗ್ ಬೇಕಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ನಡಿಗೆ, ಓಟ, ಬೆವರಿನ ಬಗ್ಗೆಯೇ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಮಂಗಳೂರಿನ ಸ್ಟೇಟ್ ಬ್ಯಾಂಕ್–ಸುರತ್ಕಲ್ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ವಯಸ್ಸು 43. ಬೆಳಿಗ್ಗೆ ಬಸ್ ಹತ್ತಿದರೆ ರಾತ್ರಿವರೆಗೆ ನಿಂತೇ ಇರುತ್ತೇನೆ. ಬಿ.ಪಿ. ಸ್ವಲ್ಪ ಜಾಸ್ತಿ ಉಂಟು. ದಿನಾ ವಾಕಿಂಗ್ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಇಡೀ ದಿನ ಕಾಲ ಮೇಲೇ ಇರುವವನಿಗೆ ಇನ್ನೆಂಥ ವಾಕಿಂಗ್? – ಕೂಳೂರಿನ ಓದುಗರು

ಉತ್ತರ: ಪ್ರಶ್ನೆ ನ್ಯಾಯದ್ದೇ. ಮೈ ಬಗ್ಗಿಸುವುದಕ್ಕೂ ಹೃದಯದ ಆರೋಗ್ಯಕ್ಕೂ ನಂಟಿದೆ ಎಂದು ಲೆಕ್ಕ ಹಾಕಿ ತೋರಿಸಿದ ಹೆಸರುವಾಸಿ ಸಂಶೋಧನೆ ನಡೆದದ್ದೇ ಬಸ್ ಕಂಡಕ್ಟರುಗಳ ಮೇಲೆ. ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ ಮತ್ತು ಅವರ ಜತೆಗಾರರು ಅದನ್ನು 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿನ ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್ ಪಾಳಿಯುದ್ದಕ್ಕೂ ಕೂತಿರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಅದೇ ಬಸ್ಸು, ಅದೇ ರಸ್ತೆ, ಅದೇ ಹೊಗೆ. ಆದರೂ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ. ಬಂದರೂ ಅದರಿಂದ ಬೇಗ ಸಾಯುವವರು ಕಡಿಮೆ.

ಕತೆ ಇಲ್ಲಿಗೇ ಮುಗಿದಿದ್ದರೆ ನೀವು ಗೆದ್ದ ಹಾಗೆ. ಆದರೆ ಮಾರಿಸರಿಗೆ ತಮ್ಮ ಲೆಕ್ಕದ ಮೇಲೆ ತಮಗೇ ಸಂಶಯ. ಬಸ್ ನೌಕರರಿಗೆ ಹೊಲಿಸಿಕೊಟ್ಟ ಯೂನಿಫಾರ್ಮಿನ ದಾಖಲೆ ತರಿಸಿ ಪ್ಯಾಂಟಿನ ಸೊಂಟದಳತೆ ನೋಡಿದರು. ಡ್ರೈವರುಗಳ ಪ್ಯಾಂಟು ಕಂಡಕ್ಟರುಗಳದ್ದಕ್ಕಿಂತ ದೊಡ್ಡದು. ಸಣ್ಣ ಪ್ರಾಯದವರಲ್ಲೂ ಹಾಗೆಯೇ. ಹಾಗಾದರೆ ಮೆಟ್ಟಿಲು ಹತ್ತಿದ್ದರಿಂದ ಹೃದಯ ಗಟ್ಟಿಯಾಯಿತಾ, ಇಲ್ಲ ಮೊದಲೇ ಗಟ್ಟಿಯಿದ್ದವರು ಕಂಡಕ್ಟರ್ ಕೆಲಸಕ್ಕೆ ಸೇರಿದರಾ? ಇದನ್ನೂ 1956ರಲ್ಲಿ ಅವರೇ ಬರೆದು ಪ್ರಕಟಿಸಿದರು. ಇಡೀ ಸಂಶೋಧನೆಯಲ್ಲಿ ನನಗೆ ಈ ಪ್ಯಾಂಟಿನ ಲೆಕ್ಕವೇ ಹೆಚ್ಚು ಇಷ್ಟ. ಮುಂದೆ ಅವರು ಸರ್ಕಾರಿ ಕಚೇರಿಯ ನೌಕರರನ್ನು ವರ್ಷಗಟ್ಟಲೆ ಗಮನಿಸಿದರು. ಎಲ್ಲರದ್ದೂ ಕುರ್ಚಿ ಕೆಲಸ. ಅವರಲ್ಲೂ ಬಿಡುವಿನ ಹೊತ್ತಿನಲ್ಲಿ ಏದುಸಿರು ಬರುವಂತೆ ಆಡಿದವರಿಗೆ, ವ್ಯಾಯಾಮ ಮಾಡಿದವರಿಗೆ ಹೃದಯದ ಕಾಯಿಲೆ ಕಡಿಮೆ ಕಂಡಿತು.

ಈಗ ನಿಮ್ಮ ಬಸ್ಸಿಗೆ ಬರೋಣ. ಅದರಲ್ಲಿ ಮಹಡಿ ಇಲ್ಲ. "ದುಂಬು ಪೋಲೆ, ದುಂಬು ಪೋಲೆ" (ಮುಂದೆ ಹೋಗಿ) ಎಂದು ಜನರ ನಡುವೆ ನುಸುಳಿ ಟಿಕೆಟ್ ಹರಿಯುತ್ತೀರಿ, ಆಮೇಲೆ ಕಂಬಿ ಹಿಡಿದು ನಿಲ್ಲುತ್ತೀರಿ. ದಣಿವು ಖಂಡಿತ ಆಗುತ್ತದೆ. ಆದರೆ ಉಸಿರು, ಎದೆಬಡಿತ ಏರಿ ಕೆಲವು ನಿಮಿಷ ಏರಿದ ಮಟ್ಟದಲ್ಲೇ ಇರುವುದು ಕಡಿಮೆ. ದುಡಿಮೆಯಲ್ಲಿ ಮೈ ದಣಿಸುವುದು ಬಿಡುವಿನ ವ್ಯಾಯಾಮದಷ್ಟು ಹೃದಯಕ್ಕೆ ಒಳ್ಳೆಯದು ಮಾಡುವುದಿಲ್ಲ ಎಂದು ಡೆನ್ಮಾರ್ಕಿನ ಸಂಶೋಧಕರು ಹಲವು ವರ್ಷಗಳಿಂದ ಹೇಳುತ್ತಿದ್ದಾರೆ. ದಿನವಿಡೀ ನಿಂತರೆ ಮೈಗೆ ವಿಶ್ರಾಂತಿಯೇ ಸಿಗುವುದಿಲ್ಲ, ಬಿ.ಪಿ. ಗಂಟೆಗಟ್ಟಲೆ ಸ್ವಲ್ಪ ಏರಿಯೇ ಇರುತ್ತದೆ ಎಂಬುದು ಅವರು ಕೊಡುವ ಒಂದು ಕಾರಣ.

ಹಾಗಾಗಿ ನಿಮ್ಮ ಡಾಕ್ಟರು ಹೇಳಿದ್ದು ಸರಿ. ಆದರೆ ಐದು ಗಂಟೆಗೆ ಎದ್ದು ಪಾರ್ಕಿಗೆ ಹೋಗಿ ಎಂದು ನಾನು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಆಗಲೇಬೇಕು ಎಂಬ ಹಳೆಯ ಷರತ್ತನ್ನು ಅದರಲ್ಲಿ ಕೈಬಿಟ್ಟಿದ್ದಾರೆ. ಸುರತ್ಕಲ್‌ನಲ್ಲಿ ಟ್ರಿಪ್ ಮುಗಿದು ಟೈಮಿಗೆ ಕಾಯುವಾಗ ಎಂಟು ನಿಮಿಷ ಬಿರುಸಾಗಿ ನಡೆಯಿರಿ. ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು ವೇಗ. ದಿನಕ್ಕೆ ಮೂರು ಸಲ ಹೀಗೆ ಮಾಡಿದರೆ ವಾರದ ಲೆಕ್ಕ ಸರಿಹೋಗುತ್ತದೆ. ಸಂಜೆ ಕಾಲು ಬಾತರೆ ಮಲಗುವ ಮೊದಲು ಹತ್ತು ನಿಮಿಷ ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಿ. ಬಿ.ಪಿ. ಮಾತ್ರೆ ಬರೆದುಕೊಟ್ಟಿದ್ದರೆ ವಾಕಿಂಗ್ ಶುರುವಾಯಿತೆಂದು ಅದನ್ನು ನಿಲ್ಲಿಸಬೇಡಿ. ಹಾಂ, ನಿಮ್ಮ ಡ್ರೈವರಣ್ಣನನ್ನೂ ಜತೆಗೆ ಕರೆದುಕೊಳ್ಳಿ. ಅವರಿಗೆ ಇದು ನಿಮಗಿಂತ ಜಾಸ್ತಿ ಬೇಕು.

ಪ್ರಶ್ನೆ: ಬೆಂಗಳೂರಿನಲ್ಲಿ 5 ಕಿ.ಮೀ. ಆರಾಮಾಗಿ ಓಡುತ್ತಿದ್ದೆ. ಊರಿಗೆ ಬಂದ ಮೇಲೆ ಮಂಗಳಾ ಸ್ಟೇಡಿಯಮ್ಮಿನಲ್ಲಿ 3 ಕಿ.ಮೀ. ಆಗುವಷ್ಟರಲ್ಲಿ ಸುಸ್ತು. ವಾಚಿನಲ್ಲಿ ಎದೆಬಡಿತ 175 ತೋರಿಸುತ್ತದೆ. ವಯಸ್ಸು 34. ಹೃದಯದ ತೊಂದರೆ ಇರಬಹುದಾ? ಬೆವರು ಜಾಸ್ತಿ ಬರಲಿ ಎಂದು ಕೆಲವರು ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡುತ್ತಾರೆ. ಅದು ಒಳ್ಳೆಯದಾ? – ಬಿಜೈಯ ಓದುಗರು

ಉತ್ತರ: ಮೊದಲು ವಾಚಿನ ವಿಷಯ. ವಾಚನ್ನು ತಿರುಗಿಸಿ ನೋಡಿ, ಹಸಿರು ಬೆಳಕು ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಬಡಿದಾಗಲೆಲ್ಲ ಚರ್ಮದ ಕೆಳಗೆ ರಕ್ತ ತುಸು ಹೆಚ್ಚಾಗುತ್ತದೆ, ವಾಪಸ್ ಬರುವ ಬೆಳಕು ತುಸು ಕಡಿಮೆಯಾಗುತ್ತದೆ. ಈ ಏರಿಳಿತವನ್ನೇ ವಾಚು ಎಣಿಸುವುದು. ಓಡುವಾಗ ಕೈ ಬೀಸುವುದರಿಂದಲೂ ಬೆಳಕು ಹೀಗೇ ಏರಿಳಿಯುತ್ತದೆ. ಓಟದ ಹೆಜ್ಜೆ ಸಾಮಾನ್ಯವಾಗಿ ನಿಮಿಷಕ್ಕೆ 160ರಿಂದ 180. ಬೆವರಿನಲ್ಲಿ ಪಟ್ಟಿ ಜಾರುತ್ತಿದ್ದರೆ ವಾಚು ಒಮ್ಮೊಮ್ಮೆ ನಿಮ್ಮ ಹೆಜ್ಜೆಯನ್ನೇ ಎದೆಬಡಿತ ಎಂದು ತೋರಿಸಿಬಿಡುತ್ತದೆ! ಹಾಗಾಗಿ ಪಟ್ಟಿಯನ್ನು ಮಣಿಕಟ್ಟಿನ ಮೂಳೆಗಿಂತ ಸ್ವಲ್ಪ ಮೇಲೆ ಬಿಗಿಯಾಗಿ ಕಟ್ಟಿ. ಸಂಶಯ ಬಂದರೆ ನಿಂತು, ಕೂಡಲೇ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ.

175 ನಿಜವೇ ಆದರೂ ಅದೊಂದರಿಂದಲೇ ಹೆದರಬೇಕಿಲ್ಲ. 220ರಿಂದ ವಯಸ್ಸು ಕಳೆಯುವ ಸೂತ್ರ ಜಿಮ್ಮಿನ ಗೋಡೆಗಳ ಮೇಲೆಲ್ಲ ಇರುತ್ತದೆ. 1970ರ ದಶಕದ ಆರಂಭದಲ್ಲಿ ಬೇರೆ ಬೇರೆಯವರ ಅಂಕಿಗಳನ್ನು ಒಟ್ಟು ಹಾಕಿ ಅಂದಾಜಿಗೆ ಎಳೆದ ಗೆರೆ ಅದು. ನಿಮಗೆ ಅದು 186 ಎನ್ನುತ್ತದೆ, ನಿಜವಾದ ಮಿತಿ ಅದಕ್ಕಿಂತ ಹತ್ತು ಹನ್ನೆರಡು ಆಚೀಚೆ ಇರಬಹುದು.

ಇನ್ನು ಸುಸ್ತು. ಇದು ನಮ್ಮ ಕರಾವಳಿಯ ಗಾಳಿಯ ಕೆಲಸ. ಬೆವರು ಬಂದ ಮಾತ್ರಕ್ಕೆ ಮೈ ತಣಿಯುವುದಿಲ್ಲ, ಅದು ಆರಬೇಕು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಗೆ ಹೋಗುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರು ಸುಮ್ನೆ ದಂಡ. ಬೆವರು ಎಷ್ಟು ಬೇಗ ಆರುತ್ತದೆ ಎಂಬುದು ಚರ್ಮದ ಮೇಲಿನ ಮತ್ತು ಗಾಳಿಯಲ್ಲಿನ ಆವಿಯ ಒತ್ತಡದ ಅಂತರದ ಮೇಲೆ ನಿಂತಿದೆ. 35 ಡಿಗ್ರಿಯ ಒದ್ದೆ ಚರ್ಮದ ಮೇಲೆ ಆ ಒತ್ತಡ ಸುಮಾರು 5.6 ಕಿಲೋಪ್ಯಾಸ್ಕಲ್. ಗಾಳಿ 30 ಡಿಗ್ರಿ, ತೇವಾಂಶ ಶೇ 80 ಇದ್ದರೆ ಗಾಳಿಯಲ್ಲಿ 3.4. ಅದೇ 30 ಡಿಗ್ರಿಯಲ್ಲಿ ತೇವಾಂಶ ಶೇ 40 ಇದ್ದರೆ ಬರೀ 1.7. ಅಂದರೆ ಅಂತರ ಸೆಖೆಯ ಗಾಳಿಯಲ್ಲಿ 2.2, ಒಣ ಗಾಳಿಯಲ್ಲಿ 3.9. ಸೆಖೆಯಲ್ಲಿ ಬೆವರು ಆರಿಸುವ ಬಲ ಒಣ ಗಾಳಿಯದ್ದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಮೈ ಶಾಖ ಇಳಿಸಲು ಹೃದಯ ಚರ್ಮಕ್ಕೂ ರಕ್ತ ಕಳಿಸಬೇಕು, ಕಾಲಿನ ಸ್ನಾಯುವಿಗೂ ಕಳಿಸಬೇಕು. ಅದಕ್ಕೇ ವೇಗ ಅಷ್ಟೇ ಇದ್ದರೂ ಬಡಿತ ಏರುತ್ತದೆ.

ಇದಕ್ಕೆ ಮದ್ದು ಅಭ್ಯಾಸ. ಹತ್ತರಿಂದ ಹದಿನಾಲ್ಕು ದಿನ ವೇಗ ಇಳಿಸಿ ಓಡಿ. ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ ಜಾಕೆಟ್ ಬೇಡವೇ ಬೇಡ. ಅದರಲ್ಲಿ ಇಳಿಯುವ ತೂಕ ನೀರಿನದ್ದು, ಮನೆಗೆ ಬಂದು ಎರಡು ಚೆಂಬು ನೀರು ಕುಡಿದರೆ ವಾಪಸ್. ಆರಬೇಕಾದ ಬೆವರಿಗೆ ಬಾಗಿಲು ಹಾಕಿದ ಹಾಗೆ ಬೇರೆ.

ಓಟ ಮುಗಿಸಿ ಸೀಯಾಳ ಕುಡಿಯುವುದು ಒಳ್ಳೆಯದೇ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಉಪ್ಪು ಹಾಕಿದ ಗಂಜಿ ತಿಳಿ, ಜತೆಗೊಂದು ಮಿಡಿ ಉಪ್ಪಿನಕಾಯಿ ಇದ್ದರೆ ಆ ಕೊರತೆ ತುಂಬುತ್ತದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಸೀಯಾಳಕ್ಕೂ ಉಪ್ಪಿಗೂ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಓಡುವಾಗ ಎದೆನೋವು ಬಂದರೆ, ತಲೆ ತಿರುಗಿ ಬಿದ್ದರೆ ಇದು ಸೆಖೆ ಎಂದು ಕಡೆಗಣಿಸಬೇಡಿ, ಡಾಕ್ಟರಿಗೆ ತೋರಿಸಿ. ಬಿಸಿಲಲ್ಲಿ ಓಡಿದವರ ಮಾತು ತಪ್ಪಿದರೆ, ಎಲ್ಲಿದ್ದೇನೆಂದು ತಿಳಿಯದಾದರೆ ನೆರಳಿಗೆ ಎಳೆದು ಮೈಮೇಲೆ ತಣ್ಣೀರು ಹೊಯ್ಯಿರಿ, ಗಾಳಿ ಹಾಕಿ. ಅದನ್ನು ಮಾಡುತ್ತಲೇ ಆಸ್ಪತ್ರೆಗೆ ಗಾಡಿ ಕರೆಸಿ.

ಪ್ರಶ್ನೆ: ನನಗೆ 66. ಮಗ ದುಬೈಯಿಂದ ವಾಚು ತಂದುಕೊಟ್ಟಿದ್ದಾನೆ. 10,000 ಹೆಜ್ಜೆ ಆಗದಿದ್ದರೆ ಅದು ಕುಂಯ್ ಎನ್ನುತ್ತದೆ. ಅಜ್ಜರಕಾಡಿನಲ್ಲಿ ಸುತ್ತು ಹಾಕಿ 7,000 ಆಗುವಾಗ ಮಂಡಿ ನೋವು. ಏನು ಮಾಡಲಿ? – ಉಡುಪಿಯ ಓದುಗರು

ಉತ್ತರ: ಅಲ್ಲಿಗೇ ನಿಲ್ಲಿಸಿ ಅಮ್ಮಾ. 10,000 ಎಂಬುದು ಆಸ್ಪತ್ರೆಯಲ್ಲಿ ಹುಟ್ಟಿದ ಸಂಖ್ಯೆಯಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪೆನಿ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದು ಇಟ್ಟ ಹೆಸರದು. 'ಮಾನ್ಪೊಕೇ', ಹತ್ತು ಸಾವಿರ ಹೆಜ್ಜೆಯ ಮೀಟರ್. ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ ಸುಮಾರು 17 ಸಾವಿರ ಮಹಿಳೆಯರ ಹೆಜ್ಜೆ ಎಣಿಸಿದ ಅಧ್ಯಯನ 2019ರಲ್ಲಿ ಬಂತು. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವು ಶೇ 41ರಷ್ಟು ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಕಾಯಿಲೆ ಇದ್ದವರು ಮೊದಲೇ ಕಡಿಮೆ ನಡೆಯುತ್ತಾರಲ್ವಾ? ಹಾಗಾಗಿ ಆ 41ನ್ನು ಪೂರ್ತಿ ನಡಿಗೆಯ ಖಾತೆಗೆ ಹಾಕುವಂತಿಲ್ಲ. ಆದರೂ ನಿಮ್ಮ 7,000 ಧಾರಾಳವಾಯಿತು. ನೋವು ಹಾಗೇ ಇದ್ದರೆ 5,000ಕ್ಕೆ ಇಳಿಸಿ, ಮಂಡಿ ತೋರಿಸಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ನೋವಿಲ್ಲದಷ್ಟು ಸಲ ಮಾಡಿ, ತೊಡೆಗೆ ಬಲ ಬರುತ್ತದೆ. ವಾಚಿನ ಕುಂಯ್ ಸದ್ದನ್ನು ನಿಲ್ಲಿಸಲು ಮೊಮ್ಮಕ್ಕಳಿಗೆ ಹೇಳಿ, ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಮಲ್ಪೆಯಲ್ಲಿ ಮರಳ ಮೇಲೆ ನಡೆದರೆ ಕ್ಯಾಲರಿ ಜಾಸ್ತಿ ಕರಗುತ್ತದೆ ಎನ್ನುತ್ತಾರೆ. ಹೌದಾ? ವಾಚಿನಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. – ಕಲ್ಮಾಡಿಯ ಓದುಗರು

ಉತ್ತರ: ಹೌದು. ಮೆತ್ತಗಿನ ಒಣ ಮರಳಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ 2.1ರಿಂದ 2.7 ಪಟ್ಟು ಶಕ್ತಿ ಬೇಕೆಂದು ಬೆಲ್ಜಿಯಂನ ಸಂಶೋಧಕರು 1998ರಲ್ಲಿ ಅಳೆದು ತೋರಿಸಿದ್ದಾರೆ. ಅಲೆ ಬಡಿದು ಗಟ್ಟಿಯಾದ ಒದ್ದೆ ಮರಳಲ್ಲಿ ಅಷ್ಟಿಲ್ಲ. ಕಾಲಡಿ ಎಂಥ ನೆಲ ಉಂಟೆಂದು ವಾಚಿಗೆ ಹೇಗೆ ಗೊತ್ತಾಗಬೇಕು? 2017ರಲ್ಲಿ ಸ್ಟ್ಯಾನ್‌ಫರ್ಡಿನವರು ಏಳು ಬಗೆಯ ವಾಚುಗಳನ್ನು 60 ಜನರ ಕೈಗೆ ಕಟ್ಟಿ ನೋಡಿದರು. ಎದೆಬಡಿತದಲ್ಲಿ ಆರು ವಾಚುಗಳ ತಪ್ಪು ಶೇ 5ರ ಒಳಗೇ ಇತ್ತು. ಕ್ಯಾಲರಿಯಲ್ಲಿ ಇದ್ದುದರಲ್ಲಿ ಒಳ್ಳೆಯದೂ ಶೇ 27ರಷ್ಟು ತಪ್ಪಿತ್ತು. ಹಿಮ್ಮಡಿ ನೋವು ಇರುವವರು ಒಣ ಮರಳಿಗೆ ಇಳಿಯದೆ ನೀರಿನಂಚಿನ ಗಟ್ಟಿ ಮರಳಲ್ಲೇ ನಡೆಯಿರಿ.